ಟಿಯರ್ ಲಿಸ್ಟ್: ಯಾರು ಯಾವ ಅಂತಸ್ತಿನಲ್ಲಿ?

ಡೋಟಾ 2 ಅಥವಾ ಲೀಗ್ ಆಫ್ ಲೆಜೆಂಡ್ಸ್‌ನಂಥ ತಂಡದಾಟದ ಕಂಪ್ಯೂಟರ್ ಗೇಮ್ ಆಡಲು ಹೊಸದಾಗಿ ಕುಳಿತವರ ಮುಂದೆ ನೂರಕ್ಕೂ ಹೆಚ್ಚು ಪಾತ್ರಗಳು ಸಾಲುಗಟ್ಟಿ ನಿಂತಿರುತ್ತವೆ. ಯಾವುದನ್ನು ಆರಿಸುವುದು? ಆಗ ನೆರವಿಗೆ ಬರುವುದು ಟಿಯರ್ ಲಿಸ್ಟ್. ಟಿಯರ್ ಎಂದರೆ ಅಂತಸ್ತು. ಪಾತ್ರಗಳಿಗೆ ಒಂದು, ಎರಡು, ಮೂರು ಎಂದು ಕ್ರಮಾಂಕ ಕೊಡುವ ಬದಲು, ಬಲಾಬಲ ನೋಡಿ ಗುಂಪುಗುಂಪಾಗಿ ಕೂರಿಸಿದ ಪಟ್ಟಿ ಇದು. ಎ, ಬಿ, ಸಿ, ಡಿ ದರ್ಜೆಗಳು ನಮಗೆ ಶಾಲೆಯಿಂದಲೇ ಗೊತ್ತು. 'ಎ' ದರ್ಜೆಯ ನೆತ್ತಿಯ ಮೇಲೆ ಕುಳಿತ 'ಎಸ್' ಮಾತ್ರ ನಮಗೆ ಹೊಸಬ. ಜಪಾನಿನ ಹಲವು ವಿಶ್ವವಿದ್ಯಾಲಯಗಳಲ್ಲಿ ಅತ್ಯುನ್ನತ ದರ್ಜೆಗೆ ಎಸ್ ಎನ್ನುತ್ತಾರೆ. ಅಲ್ಲಿನ ಗೇಮ್‌ಗಳಲ್ಲೂ ಅದು ಹಳೆಯ ಬಳಕೆ.

ಪಟ್ಟಿ ಮಾಡುವವರು ಸಾಮಾನ್ಯವಾಗಿ ನೋಡುವುದು ಗೆಲುವಿನ ಪ್ರಮಾಣ, ಎಷ್ಟು ಜನ ಆರಿಸುತ್ತಾರೆ, ಆಟಕ್ಕೆ ಮುನ್ನ ಎದುರಾಳಿಗಳು ಬೇಡವೆಂದು ಎಷ್ಟು ಬಾರಿ ನಿಷೇಧಿಸುತ್ತಾರೆ ಎಂಬುದನ್ನು. ಗೆಲುವಿನ ಪ್ರಮಾಣವೊಂದನ್ನೇ ನಂಬಿದರೆ ಮೋಸ ಹೋಗುತ್ತೇವೆ. ಬೆರಳೆಣಿಕೆಯ ಪಳಗಿದ ಕೈಗಳು ಮಾತ್ರ ಆಡುವ ಪಾತ್ರದ ಅಂಕಿ ತಾನಾಗಿಯೇ ಮೇಲಿರುತ್ತದೆ. ಲೀಗ್‌ನಲ್ಲಿ ಸುಮಾರು ಎರಡು ವಾರಕ್ಕೊಮ್ಮೆ ಪ್ಯಾಚ್ (ಗೇಮ್‌ನ ಪರಿಷ್ಕರಣೆ) ಬಂದು ಪಾತ್ರಗಳ ಶಕ್ತಿ ಏರುಪೇರಾಗುವುದರಿಂದ, ಕಳೆದ ವರ್ಷದ ಪಟ್ಟಿಗೂ ಕಳೆದ ವರ್ಷದ ಪಂಚಾಂಗಕ್ಕೂ ವ್ಯತ್ಯಾಸವಿಲ್ಲ.

ಇಬ್ಬರೇ ಎದುರುಬದುರು ಹೊಡೆದಾಡುವ ಆಟದಲ್ಲಿ ಯಾರು ಬಲಶಾಲಿ ಎಂದು ಹೇಳುವುದು ಅಷ್ಟು ಕಷ್ಟವಲ್ಲ. ತಂಡದಾಟದಲ್ಲಿ ಬಲ ಎಂಬುದು ಪಕ್ಕದಲ್ಲಿ ಯಾರಿದ್ದಾರೆ ಎಂಬುದನ್ನು ಅವಲಂಬಿಸಿದೆ. ಡೋಟಾ 2ರ ಐಒ ಎಂಬ ಬೆಳಕಿನ ಉಂಡೆಯನ್ನೇ ನೋಡಿ. ಅದರ ಶಕ್ತಿಯಿರುವುದು ಜೊತೆಗಾರನಿಗೆ ಬೆಸೆದುಕೊಂಡು ಅವನನ್ನು ಚೇತರಿಸುವುದರಲ್ಲಿ, ಅವನೊಂದಿಗೆ ನಕ್ಷೆಯ ಮತ್ತೊಂದು ಮೂಲೆಗೆ ಹಾರುವುದರಲ್ಲಿ. ಗುರುತುಪರಿಚಯವಿಲ್ಲದವರ ಜೊತೆ ಆಡುವಾಗ ಆ ಹೊಂದಾಣಿಕೆ ಎಲ್ಲಿಂದ ಬರಬೇಕು? ಆದರೆ 2019ರಲ್ಲಿ ಶಾಂಘೈನಲ್ಲಿ ನಡೆದ ದಿ ಇಂಟರ್‌ನ್ಯಾಷನಲ್ ಎಂಬ ಡೋಟಾ 2 ಟೂರ್ನಿಯಲ್ಲಿ ಚಾಂಪಿಯನ್ ಆದ ಓಜಿ ತಂಡದ ಆಟಗಾರ ಆನಾ, ಈ ಸಹಾಯಕ ಪಾತ್ರವನ್ನೇ ಮುಖ್ಯ ಹೊಡೆತಗಾರನಾಗಿ ಆಡಿ ತೋರಿಸಿದರು. ಪಾತ್ರ ಒಂದೇ, ಅಂತಸ್ತು ಎರಡು. ಹಾಗಾಗಿ ಪಟ್ಟಿ ಕಂಡೊಡನೆ ನಾನು ಮೊದಲು ಹುಡುಕುವುದು ಅದು ಯಾರ ಆಟಕ್ಕಾಗಿ ಮಾಡಿದ್ದು ಎಂಬುದನ್ನು. (ಸೋತಾಗಲೆಲ್ಲ ಪಾತ್ರವನ್ನು ದೂರುವ ಗೆಳೆಯರಿಗೆ ಯಾವ ಪಟ್ಟಿಯೂ ಸಾಲದು, ಅವರಿಗೆ ನೆಲ ಯಾವಾಗಲೂ ಡೊಂಕೇ.)

ಬಲವಿರುವುದು ಜೊತೆಗಾರರಲ್ಲಿ ಎಂಬುದು, ಆಗ ತಂಡಕ್ಕೆ ಆರು ಜನರಿದ್ದ ಓವರ್‌ವಾಚ್ ಎಂಬ ಗುಂಡಿನ ಕಾಳಗದ ಗೇಮ್‌ನಲ್ಲಿ ಇನ್ನೂ ಸೊಗಸಾಗಿ ಬಯಲಾಯಿತು. 2018ರಲ್ಲಿ ಮೂರು ಟ್ಯಾಂಕ್ (ಹೊಡೆತ ತಡೆದುಕೊಳ್ಳುವ), ಮೂರು ಸಪೋರ್ಟ್ (ಜೊತೆಗಾರರನ್ನು ಚೇತರಿಸುವ) ಪಾತ್ರಗಳ 'ಗೋಟ್ಸ್' ಎಂಬ ಜೋಡಣೆ ಹುಟ್ಟಿಕೊಂಡಿತು. ಹೊಡೆಯುವುದೇ ಕೆಲಸವಾದ ಮೂರನೆಯ ಬಗೆಯ, ಅಂದರೆ ಡ್ಯಾಮೇಜ್ ಪಾತ್ರ ಅದರಲ್ಲಿ ಒಂದೂ ಇಲ್ಲ! ಆರೂ ಜನ ಒತ್ತಾಗಿ ಮುನ್ನುಗ್ಗಿದರೆ ಎದುರಾಳಿಗಳಿಗೆ ಒಬ್ಬೊಬ್ಬರನ್ನೇ ಬೇರ್ಪಡಿಸಿ ಹೊಡೆಯಲು ಆಗುತ್ತಿರಲಿಲ್ಲ. ಗೇಮ್ ತಯಾರಿಸಿದ ಬ್ಲಿಝಾರ್ಡ್ ಸಂಸ್ಥೆ ಪಾತ್ರಗಳ ಶಕ್ತಿಯನ್ನು ಅಲ್ಲಿಷ್ಟು ಇಲ್ಲಿಷ್ಟು ತಗ್ಗಿಸಿ ನೋಡಿತು. ಕೊನೆಗೆ 2019ರಲ್ಲಿ ನಿಯಮವನ್ನೇ ಬದಲಿಸಿ, ತಂಡದಲ್ಲಿ ಪ್ರತಿ ಬಗೆಯ ಪಾತ್ರವೂ ಎರಡೆರಡೇ ಇರಬೇಕೆಂದು ಕಟ್ಟುಮಾಡಿತು.