ಹಗ್ಗ ಹಿಡಿಯುವ ಜಾಗ, ಹಗ್ಗ ಬಿಡುವ ಜಾಗ

ಸೋಮವಾರ ಬೆಳಿಗ್ಗೆ ನಮ್ಮ ಕ್ಲಿನಿಕ್ಕಿನ ಫೋನು ಸ್ವಲ್ಪ ಬೇಗನೇ ಬಡಿದುಕೊಳ್ಳುತ್ತದೆ. ನಾನು ಪಶುವೈದ್ಯೆಯಾಗಿರುವುದು ಇಂಗ್ಲೆಂಡಿನ ನೈರುತ್ಯ ಮೂಲೆಯ ಡೆವನ್‌ನಲ್ಲಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಡಾರ್ಟ್‌ಮೂರ್ ಬಯಲು. ಶನಿವಾರ, ಭಾನುವಾರ ಜನ ನಾಯಿ ಕರೆದುಕೊಂಡು ನಡೆಯೋಕೆ ಬರುತ್ತಾರೆ, ಸೋಮವಾರ ಅದರ ಲೆಕ್ಕ ನನ್ನ ಮೇಜಿನ ಮೇಲೆ. ಸೀಳಿದ ಪಾದ, ಊದಿಕೊಂಡ ಮೂತಿ, ದಡದಲ್ಲಿ ಏನೋ ತಿಂದು ರಾತ್ರಿಯಿಡೀ ವಾಂತಿ.

ಇತ್ತೀಚೆಗೆ ಇಲ್ಲಿನ ಕನ್ನಡದವರ ಮನೆಗಳಲ್ಲೂ ನಾಯಿ ಜಾಸ್ತಿಯಾಗಿವೆ. ಕೋವಿಡ್ ಹೊತ್ತಿನಲ್ಲಿ ತಂದವರೇ ಹೆಚ್ಚು. ರಜೆಗೆ ಈ ಕಡೆ ಬರುವ ಮುಂಚೆ ಯಾರ ಮೂಲಕವೋ ನನ್ನ ನಂಬರ್ ಹಿಡಿದು ಫೋನ್ ಮಾಡುತ್ತಾರೆ. ಮೊನ್ನೆ ಒಬ್ಬರು ಕೇಳಿದರು, "ಮೇಡಂ, ಊರಲ್ಲಿ ನಮ್ಮನೆ ನಾಯಿ ಹಗ್ಗಾನೇ ನೋಡಿರಲಿಲ್ಲ. ತೋಟ, ಗದ್ದೆ, ಹೊಳೆ ಎಲ್ಲಾ ಸುತ್ತಾಡಿ ಊಟದ ಹೊತ್ತಿಗೆ ಬರ್ತಿತ್ತು. ಇಲ್ಲಿ ಯಾಕೆ ಇಷ್ಟೊಂದು ರೂಲ್ಸು?" ಪ್ರಶ್ನೆ ತಪ್ಪೇನಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ನಾಯಿಯೂ ಹಾಗೇ ಇತ್ತು. ಆದರೆ ಅದು ಹುಟ್ಟಿದ ಜಾಗದಲ್ಲೇ ಬೆಳೆದದ್ದು, ಧರೆ ಎಲ್ಲಿ ಕುಸಿಯುತ್ತೆ, ಯಾವ ದನ ಹಾಯುತ್ತೆ ಅಂತ ನಮಗಿಂತ ಚೆನ್ನಾಗಿ ಗೊತ್ತಿತ್ತು. ಲಂಡನ್ನಿನ ಫ್ಲ್ಯಾಟಿನಲ್ಲಿ ಬೆಳೆದು ವರ್ಷಕ್ಕೆ ಎರಡು ಸಲ ಸಮುದ್ರ ನೋಡುವ ಲ್ಯಾಬ್ರಡಾರಿಗೆ ಆ ಬುದ್ಧಿ ಎಲ್ಲಿಂದ ಬರಬೇಕು?

ಮೊದಲು ಸಮುದ್ರದಂಚಿನ ದಾರಿ. ಸೌತ್ ವೆಸ್ಟ್ ಕೋಸ್ಟ್ ಪಾತ್ ಮೈನ್‌ಹೆಡ್‌ನಿಂದ ಪೂಲ್ ಬಂದರಿನವರೆಗೆ 630 ಮೈಲಿ, ಅಂದರೆ ಸುಮಾರು 1,000 ಕಿಲೋಮೀಟರ್. ಏರಿಳಿತದಲ್ಲಿ ಏರಿದ್ದಷ್ಟನ್ನೇ ಕೂಡಿದರೂ ಎವರೆಸ್ಟಿನ ನಾಲ್ಕು ಪಟ್ಟಿನ ಹತ್ತಿರ ಬರುತ್ತದೆ. ಅದನ್ನೆಲ್ಲ ಒಟ್ಟಿಗೆ ನಡೆಯಿರಿ ಅಂತ ಯಾರೂ ಹೇಳಲ್ಲ, ಆದರೆ ನೀವು ಹೋಗುವ ನಾಲ್ಕು ಮೈಲಿಯಲ್ಲೂ ದಾರಿ ಎಲ್ಲೋ ಒಂದು ಕಡೆ ಬಂಡೆಯ ತುದಿಗೆ ಅಂಟಿಕೊಂಡೇ ಹೋಗುತ್ತದೆ. ಬೇಲಿ ಇರುವುದಿಲ್ಲ. ಮುಳ್ಳುಪೊದೆ ತುದಿಯನ್ನು ಮುಚ್ಚಿರುತ್ತದೆ. ಕಡಲಹಕ್ಕಿ ಹಾರುತ್ತೆ, ನಾಯಿ ಓಡುತ್ತೆ, ಹಕ್ಕಿಗೆ ರೆಕ್ಕೆ ಇದೆ.

ಎರಡು ವರ್ಷದ ಒಂದು ಸ್ಪ್ಯಾನಿಯಲ್ ಹೀಗೇ ಹೋಯಿತು. ಅದೃಷ್ಟಕ್ಕೆ ಹತ್ತು ಹನ್ನೆರಡು ಅಡಿ ಕೆಳಗೆ ಬಂಡೆಯ ಚಾಚಿನ ಮೇಲೆ ಬಿತ್ತು. ಮುಂಗಾಲಿನ ಮೂಳೆ ಮುರಿದಿತ್ತು, ನಾನು ಪ್ಲೇಟು ಹಾಕಿದೆ, ಈಗ ಓಡಾಡಿಕೊಂಡಿದೆ. ನನಗೆ ಇವತ್ತಿಗೂ ಮೈ ಜುಮ್ ಅನ್ನಿಸುವುದು ನಾಯಿಯ ವಿಷಯಕ್ಕಲ್ಲ, ಅದರ ಯಜಮಾನರು ಚಪ್ಪಲಿ ಬಿಚ್ಚಿಟ್ಟು ಕೆಳಗಿಳಿಯೋಕೆ ಹೊರಟಿದ್ದರಂತೆ, ಹಿಂದಿನಿಂದ ಬಂದ ಯಾರೋ ಅಂಗಿ ಹಿಡಿದು ಎಳೆದರಂತೆ. ಇಳಿಯಬೇಡಿ. 999ಕ್ಕೆ ಫೋನ್ ಮಾಡಿ ಕೋಸ್ಟ್‌ಗಾರ್ಡ್ ಬೇಕು ಅನ್ನಿ. ನಾಯಿಗೆಲ್ಲಾ ಬರ್ತಾರಾ ಅಂತ ಸಂಕೋಚ ಬೇಡ, ಬರುತ್ತಾರೆ. ಅವರು ಬರದಿದ್ದರೆ ನೀವು ಇಳಿಯುತ್ತೀರಿ ಅಂತ ಅವರಿಗೆ ಚೆನ್ನಾಗಿ ಗೊತ್ತು.

ದಡಕ್ಕೆ ಇಳಿದರೆ ಬೇರೆ ತಂಟೆ. ಗಾಳಿಮಳೆಯ ನಂತರ ಮರಳಿನ ಮೇಲೆ ಬಿಳಿ ಮೇಣದಂಥ ಉಂಡೆಗಳು ಬಿದ್ದಿರುತ್ತವೆ. ಅದು ಹಡಗುಗಳಿಂದ ಸಮುದ್ರಕ್ಕೆ ಸೇರಿದ ಪಾಮ್ ಎಣ್ಣೆ ಗಟ್ಟಿಯಾಗಿದ್ದು. ಹಳಸಿದ ಎಣ್ಣೆಯ ವಾಸನೆ ನಮಗೆ ಹೇಸಿಗೆ, ನಾಯಿಗೆ ಹಬ್ಬ. ತಿಂದರೆ ವಾಂತಿ, ಭೇದಿ, ಕೆಲವಕ್ಕೆ ಮೇದೋಜೀರಕ ಗ್ರಂಥಿಯೇ ಊದಿಕೊಂಡು ಡ್ರಿಪ್ ಹಾಕಿ ಮಲಗಿಸಬೇಕಾಗುತ್ತದೆ. ಉಪ್ಪುನೀರೂ ಹಾಗೇ. ಚೆಂಡು ಎಸೆದು ಎಸೆದು ಸಮುದ್ರದಲ್ಲಿ ಆಡಿಸುತ್ತೀರಿ, ಪ್ರತಿ ಸಲ ಚೆಂಡಿನ ಜೊತೆ ಒಂದು ಬಾಯಿ ನೀರು ಒಳಗೆ ಹೋಗುತ್ತೆ. ಸಿಹಿನೀರಿನ ಬಾಟಲಿ, ಒಂದು ಬಟ್ಟಲು ಇಟ್ಟುಕೊಳ್ಳಿ. ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ಎಷ್ಟೋ ಬೀಚುಗಳಲ್ಲಿ ನಾಯಿಗೆ ಪ್ರವೇಶವಿಲ್ಲ, ಬೋರ್ಡ್ ನೋಡಿಕೊಂಡು ಇಳಿಯಿರಿ.

ಇನ್ನು ಮೂರ್‌ಲ್ಯಾಂಡ್. ನೋಡದವರಿಗೆ ಹೇಳುವುದಾದರೆ, ಕುದುರೆಮುಖದ ತಲೆಯ ಮೇಲಿನ ಹುಲ್ಲುಗುಡ್ಡ ನೆನಪಿಸಿಕೊಳ್ಳಿ, ಹುಲ್ಲಿನ ನಡುವೆ ಹೆದರ್ ಪೊದೆ, ಜರಿಗಿಡ, ಅಲ್ಲಲ್ಲಿ ಕಲ್ಲಿನ ರಾಶಿ, ಕೆಳಗೆ ಕಾಲಿಟ್ಟರೆ ಒಳಗೆಳೆಯುವ ಹುದುಲು. ಡಾರ್ಟ್‌ಮೂರ್ ಒಟ್ಟು 954 ಚದರ ಕಿಲೋಮೀಟರ್. ಆ ಕಲ್ಲಿನ ರಾಶಿಗಳಿಗೆ ಟಾರ್ ಅನ್ನುತ್ತಾರೆ. ಅದರಲ್ಲೊಂದು ಹೌಂಡ್ ಟಾರ್, ಮಾಟಗಾತಿಯರ ಕೋಪಕ್ಕೆ ಸಿಕ್ಕಿ ಕಲ್ಲಾದ ಬೇಟೆನಾಯಿಗಳು ಅವು ಅಂತ ಇಲ್ಲಿನ ಕತೆ. ಬೇಟೆಗಾರನೂ ಕಲ್ಲಾಗಿ ಹತ್ತಿರದಲ್ಲೇ ನಿಂತಿದ್ದಾನೆ. ಹಗ್ಗ ಹಾಕಿದ್ದರೆ ಬಚಾವಾಗುತ್ತಿದ್ದವೇನೋ!

ಇಂಗ್ಲೆಂಡಿನ ಇಂಥ ಮುಕ್ತ ಬಯಲುಗಳಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ ನಾಯಿಯನ್ನು 2 ಮೀಟರಿಗಿಂತ ಉದ್ದವಿಲ್ಲದ ಹಗ್ಗದಲ್ಲೇ ಇಟ್ಟುಕೊಳ್ಳಬೇಕು. ಸ್ಕೈಲಾರ್ಕ್‌ನಂಥ ಹಕ್ಕಿಗಳು ಆಗ ನೆಲದ ಮೇಲೇ ಗೂಡು ಕಟ್ಟುತ್ತವೆ. ಕುರಿ, ದನ ಹತ್ತಿರವಿದ್ದರೆ ವರ್ಷಪೂರ್ತಿ ಇದೇ ನಿಯಮ. "ನಮ್ಮದು ಕಚ್ಚಲ್ಲ, ಸುಮ್ನೆ ಆಟಕ್ಕೆ ಓಡಿಸುತ್ತೆ" ಅನ್ನುವವರಿಗೆ ಹೇಳುತ್ತೇನೆ, ಗಬ್ಬದ ಕುರಿಗೆ ಹಲ್ಲು ತಾಗಬೇಕಿಲ್ಲ, ಓಡಿದ ಹೆದರಿಕೆಗೇ ಮರಿ ಬಿದ್ದುಹೋಗಬಹುದು. ಬೇರೆ ದಾರಿಯೇ ಇಲ್ಲದಿದ್ದರೆ ರೈತ ಆ ನಾಯಿಗೆ ಗುಂಡು ಹೊಡೆದರೂ 1971ರ ಕಾಯ್ದೆ ಅವನ ಪರವಾಗಿದೆ.

ಹಾವಿಗೂ ಇದೇ ಕಾಲ. ಬ್ರಿಟನ್ನಿನಲ್ಲಿ ಹುಟ್ಟುವ ವಿಷದ ಹಾವು ಒಂದೇ, ಆಡರ್. ನಮ್ಮ ಕೊಳಕುಮಂಡಲದ ಸಣ್ಣ ನೆಂಟ, ಬೆನ್ನ ಮೇಲೆ ಅಂಕುಡೊಂಕಿನ ಪಟ್ಟೆ. ಅದು ಬಿಸಿಲು ಕಾಯುತ್ತಾ ಮಲಗಿರುತ್ತೆ, ನಾಯಿ ಮೂಗು ತೂರಿಸುತ್ತೆ. ಹೆಚ್ಚಿನ ನಾಯಿಗಳು ಚಿಕಿತ್ಸೆ ಸಿಕ್ಕರೆ ಉಳಿಯುತ್ತವೆ. ಕಟ್ಟು ಬಿಗಿಯಬೇಡಿ, ಹೀರಬೇಡಿ. ಆದಷ್ಟು ನಡೆಸದೆ ಎತ್ತಿಕೊಂಡು ಕಾರಿಗೆ ತನ್ನಿ, ದಾರಿಯಿಂದಲೇ ಡಾಕ್ಟರಿಗೆ ಫೋನ್ ಮಾಡಿ.

ಈಗ ಕನ್ನಡದವರಿಗೆ ನಾನು ಬಿಡದೆ ಹೇಳುವ ಮಾತು, ಹಸು. ನಮಗೆ ಹಸು ಅಂದರೆ ಹೆದರಿಕೆಯೇ ಇಲ್ಲ. ಹತ್ತಿರ ಹೋಗುತ್ತೇವೆ, ಗಂಗೆದೊಗಲು ಸವರುತ್ತೇವೆ, ಮಕ್ಕಳ ಕೈಯಲ್ಲಿ ಮುಟ್ಟಿಸಿ ಫೋಟೋ ತೆಗೆಯುತ್ತೇವೆ. ಇಲ್ಲಿ ಬಯಲಲ್ಲಿ ಸಿಗುವವು ಕೊಟ್ಟಿಗೆಯ ಗೌರಿಯಲ್ಲ, ಕರುಗಳ ಜೊತೆ ಬಿಟ್ಟ ಹಿಂಡು, ದಿನಾ ಮನುಷ್ಯರ ಕೈ ಕಂಡವಲ್ಲ. ನಾಯಿ ಕಂಡರೆ ಅವಕ್ಕೆ ತೋಳ ಕಂಡ ಹಾಗೆ. ನಡೆಯುವವರು ದನಗಳ ಕಾಲಡಿ ಸಿಕ್ಕು ಸತ್ತದ್ದು ಈ ದೇಶದಲ್ಲಿ ಹೊಸದಲ್ಲ, ಅಂಥ ಹೆಚ್ಚಿನ ಪ್ರಕರಣಗಳಲ್ಲಿ ಜೊತೆಗೆ ನಾಯಿ ಇತ್ತು, ಎದುರಿಗೆ ಕರು ಇತ್ತು. ದೂರದಿಂದ ಸುತ್ತು ಹಾಕಿ ಹೋಗಿ. ಅಟ್ಟಿಸಿಕೊಂಡು ಬಂದರೆ ಮಾತ್ರ, ಇಷ್ಟು ಹೊತ್ತು ಬಿಡಬೇಡಿ ಬಿಡಬೇಡಿ ಅಂದ ಹಗ್ಗವನ್ನು ಆ ಕ್ಷಣವೇ ಬಿಟ್ಟುಬಿಡಿ. ದನಗಳಿಗೆ ಬೇಕಾದದ್ದು ನಾಯಿ, ನೀವಲ್ಲ. ನಾಯಿ ಓಡಿ ತಪ್ಪಿಸಿಕೊಳ್ಳುತ್ತೆ, ನಿಮ್ಮ ಕೈಲಿ ಅದಾಗಲ್ಲ. ಸಣ್ಣ ನಾಯಿ ಅಂತ ಎತ್ತಿ ಎದೆಗೆ ಅವುಚಿಕೊಂಡರೆ ಇಬ್ಬರಿಗೂ ಅಪಾಯ. ಇದಕ್ಕೇ ಹಗ್ಗವನ್ನು ಸೊಂಟಕ್ಕೆ ಬಿಗಿದುಕೊಂಡು ನಡೆಯುವುದು ದನಗಳ ಹತ್ತಿರ ನನಗೆ ಸರಿ ಕಾಣಲ್ಲ.

ಅಂದಹಾಗೆ, ನಾಯಿಯ ಮಲ ಎತ್ತುವುದೂ ಹಸುವಿನ ವಿಷಯವೇ. ಅದರಲ್ಲಿ ನಿಯೋಸ್ಪೋರಾ ಅನ್ನುವ ಪರಾವಲಂಬಿ ಜೀವಿ ಇದ್ದರೆ, ಆ ಹುಲ್ಲು ಮೇಯ್ದ ಹಸುವಿಗೆ ಗರ್ಭಪಾತವಾಗಬಹುದು. ಚೀಲದಲ್ಲಿ ತುಂಬಿ ಮುಳ್ಳುಗಿಡಕ್ಕೆ ನೇತುಹಾಕಿ ಹೋಗುವವರೂ ಇದ್ದಾರೆ. ಯಾಕೆ ಅಂತ ನನಗಂತೂ ಅರ್ಥವಾಗಿಲ್ಲ.

ಬಿಸಿಲನ್ನೂ ನಾವು ಹಗುರವಾಗಿ ತೆಗೆದುಕೊಳ್ಳುತ್ತೇವೆ. ರಾಯಚೂರು ನೋಡಿದವರಿಗೆ 24 ಡಿಗ್ರಿ ಬಿಸಿಲೇ ಅಲ್ಲ, ಅಲ್ವಾ? ಇಲ್ಲಿನ ರಾಯಲ್ ವೆಟರ್ನರಿ ಕಾಲೇಜಿನವರು ಬ್ರಿಟನ್ನಿನ ನಾಯಿಗಳ ದಾಖಲೆ ನೋಡಿದಾಗ, ಮುಚ್ಚಿದ ಕಾರಿಗಿಂತ ಓಡಾಟದಿಂದಲೇ ಶಾಖಾಘಾತವಾದ ನಾಯಿಗಳು ಬಹಳ ಜಾಸ್ತಿ ಇದ್ದವು. ಮೂರ್‌ಲ್ಯಾಂಡಿನಲ್ಲಿ ನೆರಳಿಗೆ ಒಂದು ಮರ ಸಿಗಲ್ಲ. ಪಗ್, ಫ್ರೆಂಚ್ ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯವನ್ನು ಬಿಸಿಲಿನ ದಿನ ಮನೆಯಲ್ಲೇ ಬಿಡಿ. ಬಾಯಿ ಅಗಲಿಸಿ ತೇಕುತ್ತಾ ಕಾಲು ತಡವರಿಸಿದರೆ ಮೊದಲು ಅಲ್ಲೇ ಮೈಮೇಲೆ ನೀರು ಸುರಿದು ಗಾಳಿ ಹಾಕಿ, ಆಮೇಲೆ ಕ್ಲಿನಿಕ್ಕಿಗೆ ಹೊರಡಿ. ಒದ್ದೆ ಟವೆಲ್ ಹೊದಿಸಬೇಡಿ, ಅದು ಶಾಖವನ್ನು ಒಳಗೇ ಹಿಡಿದಿಡುತ್ತೆ.

ವಾಪಸ್ ಕಾರಿನ ಹತ್ತಿರ ಬಂದ ಮೇಲೆ ಹತ್ತು ನಿಮಿಷ ಉಣುಗು ಹುಡುಕಲು ಇಟ್ಟುಕೊಳ್ಳಿ. ಉಣುಗು ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಕಾಣಿಸಿದ್ದು ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ, ಹಾಗಾಗಿ ಉಣುಗಿನ ಹೆದರಿಕೆ ನನಗೆ ಹುಟ್ಟಿನಿಂದ ಬಂದದ್ದು. ಇಲ್ಲಿನ ಉಣುಗು ತರುವುದು ಲೈಮ್ ಕಾಯಿಲೆ. ನಾಯಿಗೆ ಅದು ದಾಟಲು ಸಾಮಾನ್ಯವಾಗಿ ಒಂದು ದಿನವಾದರೂ ಕಚ್ಚಿಕೊಂಡಿರಬೇಕು, ಆದ್ದರಿಂದ ಅವತ್ತೇ ಕಿತ್ತರೆ ಒಳ್ಳೆಯದು. ಕಿವಿ, ಕಂಕುಳು, ತೊಡೆಸಂದು, ಬೆರಳ ಸಂದು, ಕಣ್ಣರೆಪ್ಪೆ. ಅಜ್ಜಿ ಸೀಮೆಎಣ್ಣೆ ಹಚ್ಚುತ್ತಿದ್ದರು, ನೀವು ಹಚ್ಚಬೇಡಿ. ಸಣ್ಣ ಪ್ಲಾಸ್ಟಿಕ್ ಕೊಕ್ಕೆ ಸಿಗುತ್ತೆ, ಚರ್ಮಕ್ಕೆ ತಾಗಿಸಿ ಸಿಕ್ಕಿಸಿ ನಿಧಾನ ತಿರುಗಿಸಿದರೆ ತಲೆಸಮೇತ ಬರುತ್ತದೆ. ನಾಯಿಯದು ಮುಗಿದ ಮೇಲೆ ನಿಮ್ಮದೂ ನೋಡಿಕೊಳ್ಳಿ. ಹೋದ ಮೇ ತಿಂಗಳಲ್ಲಿ ನನ್ನ ನಾಯಿಯ ಮೈಮೇಲೆ ಒಂದೂ ಸಿಗಲಿಲ್ಲ. ನನ್ನ ಮೊಣಕಾಲಿನ ಹಿಂದೆ ಎರಡಿದ್ದವು.