ಫೋಟೊ ಬಿದ್ದರೆ ಲೆಕ್ಕ ಬಿತ್ತು

ಚುನಾವಣೆ ಬಂತೆಂದರೆ ಅರಳಿಕಟ್ಟೆಯಲ್ಲಿ ಈ ಮಾತು ಕೇಳದೆ ಇರುವುದಿಲ್ಲ: "ಖರ್ಚಿನ ಮಿತಿ 40 ಲಕ್ಷವಂತೆ! ಒಂದು ಸಮಾವೇಶಕ್ಕೇ ಅದಕ್ಕಿಂತ ಜಾಸ್ತಿ ಸುರೀತಾರೆ. ಆಯೋಗ ಕಣ್ಮುಚ್ಚಿ ಕೂತಿದೆ." ಈ ಕೊನೆಯ ವಾಕ್ಯ ಕೇಳಿದಾಗಲೆಲ್ಲ ನನಗೆ ಸುಮ್ಮನಿರಲು ಆಗುವುದಿಲ್ಲ. ಆಯೋಗ ನೋಡುತ್ತಲೇ ಇರುತ್ತದೆ, ಆದರೆ ಕಾನೂನು ಯಾರನ್ನು ತೋರಿಸಿದೆಯೋ ಅವರನ್ನು ಮಾತ್ರ.

2022ರಲ್ಲಿ ನಿಗದಿಯಾದಂತೆ ಕರ್ನಾಟಕದಲ್ಲಿ ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ ರೂಪಾಯಿಯ ಮಿತಿ ಇರುವುದು ಅಭ್ಯರ್ಥಿಗೆ. ನಾಮಪತ್ರ ಸಲ್ಲಿಸಿದ ದಿನದಿಂದ ಫಲಿತಾಂಶದ ದಿನದವರೆಗೆ ಅವರ ಲೆಕ್ಕ ಓಡುತ್ತದೆ. ಮೊದಲೇ ಕೊಂಡಿಟ್ಟ ಬಾವುಟವನ್ನು ಆಮೇಲೆ ಬಳಸಿದರೆ ಅದೂ ಸೇರುತ್ತದೆ.

ಈ ಲೆಕ್ಕ ಹಿಡಿಯುವ ಬಗೆ ಸೊಗಸಾಗಿದೆ. ಕಿರಾಣಿ ಅಂಗಡಿಯ ಉದ್ದರಿ ನೆನಪಿಸಿಕೊಳ್ಳಿ. ಗಿರಾಕಿಯ ಕೈಯಲ್ಲೊಂದು ಪುಸ್ತಕ, ಗಲ್ಲಾಪೆಟ್ಟಿಗೆಯಲ್ಲಿ ಇನ್ನೊಂದು. ಇಲ್ಲೂ ಅಭ್ಯರ್ಥಿ ಬರೆಯುವ ವಹಿಯ ಜೊತೆಗೆ ಅಧಿಕಾರಿಗಳ ಶ್ಯಾಡೋ ರಿಜಿಸ್ಟರ್ ಇರುತ್ತದೆ. ಒಂದು ತಂಡ ಸಭೆಯನ್ನು ವಿಡಿಯೊ ಮಾಡುತ್ತದೆ, ಇನ್ನೊಂದು ಕುಳಿತು ನೋಡಿ ಕುರ್ಚಿ, ಶಾಮಿಯಾನ, ಧ್ವನಿವರ್ಧಕ ಎಣಿಸುತ್ತದೆ, ಮೂರನೆಯದು ಜಿಲ್ಲೆಯ ದರಪಟ್ಟಿ ಹಿಡಿದು ಬೆಲೆ ಕಟ್ಟುತ್ತದೆ. ಪ್ರಚಾರದ ಅವಧಿಯಲ್ಲಿ ಮೂರು ಸಲ ಎರಡೂ ಪುಸ್ತಕಗಳನ್ನು ತಾಳೆ ನೋಡುತ್ತಾರೆ.

ಖರ್ಚು ಯಾರದೆಂದು ತೀರ್ಮಾನಿಸುವುದು ಹೇಗೆ? ಮದುವೆಮನೆಯ ಮುಯ್ಯಿ ಪಟ್ಟಿಯಂತೆ, ಹೆಸರು ಬರೆದಿದ್ದರೆ ಅವರ ಲೆಕ್ಕಕ್ಕೆ. ಪಕ್ಷದ ತಾರಾ ಪ್ರಚಾರಕರೊಬ್ಬರು ಬಂದರು, ಸಭೆಗೆ 4 ಲಕ್ಷ ಖರ್ಚಾಯಿತು ಎಂದಿಟ್ಟುಕೊಳ್ಳಿ. ವೇದಿಕೆಯಲ್ಲಿ ಇಬ್ಬರು ಅಭ್ಯರ್ಥಿಗಳಿದ್ದರೆ ತಲಾ 2 ಲಕ್ಷ ಅವರವರ ತಲೆಗೆ. ಅವರು ಬಾರದಿದ್ದರೂ ಬ್ಯಾನರಿನಲ್ಲಿ ಹೆಸರೋ ಫೋಟೊವೋ ಇದ್ದರೆ ಸಾಕು. ತಾರಾ ಪ್ರಚಾರಕರ ಪ್ರಯಾಣ ಪಕ್ಷದ ಖರ್ಚು. ಆದರೆ ಅಭ್ಯರ್ಥಿಯೂ ಅದೇ ಹೆಲಿಕಾಪ್ಟರ್ ಏರಿದರೆ ಅರ್ಧ ಬಾಡಿಗೆ ಅಭ್ಯರ್ಥಿಯದು. ಮುಖವಿಲ್ಲ, ಹೆಸರಿಲ್ಲ, ಬರೀ ಪಕ್ಷದ ಚಿಹ್ನೆ ಇದೆಯೇ? ಆ ಹಣ ಪಕ್ಷದ್ದು, ಪಕ್ಷಕ್ಕೆ ಮಿತಿಯಿಲ್ಲ. ಮನೆಯ ನಲ್ಲಿಗೆ ಮೀಟರ್ ಕೂರಿಸಿ, ಹಿತ್ತಲಲ್ಲಿ ಟ್ಯಾಂಕರ್ ನೀರು ಇಳಿಸಿದ ಹಾಗೆ.

ಈ ತೂತನ್ನು ಒಮ್ಮೆ ಮುಚ್ಚಲಾಗಿತ್ತು. ದೆಹಲಿ ಸದರ್ ಕ್ಷೇತ್ರದಿಂದ 1971ರಲ್ಲಿ ಗೆದ್ದಿದ್ದ ಅಮರನಾಥ್ ಚಾವ್ಲಾ ಅವರ ಆಯ್ಕೆಯನ್ನು ಸುಪ್ರೀಂ ಕೋರ್ಟ್ 1974ರ ಅಕ್ಟೋಬರಿನಲ್ಲಿ ರದ್ದು ಮಾಡಿತು. ಅಭ್ಯರ್ಥಿಗಾಗಿ ಅವರಿಗೆ ತಿಳಿದೇ ಪಕ್ಷ ಮಾಡಿದ ಖರ್ಚೂ ಅವರದೇ ಎಂದಿತು. ಕೆಲವೇ ವಾರಗಳಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು ಆ ತೀರ್ಪಿನ ಹಲ್ಲು ಕಿತ್ತಿತು. ನನಗೆ ಇಂದಿಗೂ ಬೇಸರ ತರುವ ತಿದ್ದುಪಡಿ ಅದು. 2003ರಲ್ಲಿ ತೂತು ಕಿರಿದಾಯಿತು, ಮುಚ್ಚಲಿಲ್ಲ.

ಬ್ರಿಟನ್ ಕೂಡ ಇದೇ ದಾರಿ ತುಳಿದಿತ್ತು. ಅಲ್ಲಿ ಮತಖರೀದಿ ಮಿತಿಮೀರಿ 1883ರಲ್ಲಿ ಅಭ್ಯರ್ಥಿಯ ಖರ್ಚಿಗೆ ಕಾನೂನು ಬೇಲಿ ಹಾಕಿತು. ದೇಶಮಟ್ಟದಲ್ಲಿ ಪಕ್ಷಗಳ ಖರ್ಚಿಗೆ ಮಿತಿ ವಿಧಿಸುವ ಕಾನೂನು ಬಂದದ್ದು 2000ದಲ್ಲಿ, ಅಂದರೆ 117 ವರ್ಷಗಳ ನಂತರ. ನಮ್ಮಲ್ಲಿ ಅಭ್ಯರ್ಥಿ 30 ದಿನದೊಳಗೆ ಲೆಕ್ಕ ಕೊಡದಿದ್ದರೆ ಮೂರು ವರ್ಷ ಸ್ಪರ್ಧಿಸದಂತೆ ಅನರ್ಹಗೊಳಿಸಬಹುದು. ಪಕ್ಷಗಳು ವಿಧಾನಸಭೆ ಚುನಾವಣೆಯಾದರೆ 75 ದಿನದೊಳಗೆ, ಲೋಕಸಭೆಯದಾದರೆ 90 ದಿನದೊಳಗೆ ಆಯೋಗಕ್ಕೆ ಖರ್ಚಿನ ವರದಿ ಕೊಡುತ್ತವೆ. ಅದರಲ್ಲಿ ಎಷ್ಟೇ ಕೋಟಿ ಬರೆದರೂ ಕಾನೂನು ಮೀರಿದಂತೆ ಆಗುವುದಿಲ್ಲ.