ಹೆರೋದನ ಸಾವು ಮತ್ತು ಒಂದು ಪಾರ್ಶ್ವ ಚಂದ್ರಗ್ರಹಣ

ಏಸು ಹುಟ್ಟಿದ್ದು ಕ್ರಿಸ್ತಪೂರ್ವದಲ್ಲಿ ಎಂದರೆ ಮೊದಲ ಸಲ ಕೇಳುವವರಿಗೆ ತಮಾಷೆ ಅನ್ನಿಸುತ್ತದೆ. ಆದರೆ ಹೆಚ್ಚಿನ ಇತಿಹಾಸಕಾರರು ಹೇಳುವುದು ಅದನ್ನೇ. ಏಸು ಹುಟ್ಟಿದಾಗ ಯೂದಾಯದ ರಾಜ ಹೆರೋದ ಬದುಕಿದ್ದ ಎನ್ನುತ್ತದೆ ಬೈಬಲ್ಲಿನ ಮತ್ತಾಯನ ಸುವಾರ್ತೆ. ಕ್ರಿಸ್ತಶಕದ ಎಣಿಕೆಯನ್ನು ಡಯೋನೀಸಿಯಸ್ ಎಂಬ ಸನ್ಯಾಸಿ ಶುರುಮಾಡಿದ್ದು 525ರಲ್ಲಿ. ಅವನ ಲೆಕ್ಕಕ್ಕೂ ಹೆರೋದನ ಸಾವಿಗೂ ತಾಳೆ ಬೀಳುವುದಿಲ್ಲ. ಹಾಗಾದರೆ ಹೆರೋದ ಸತ್ತಿದ್ದು ಯಾವಾಗ?

ಆ ಕಥೆಯನ್ನು ಬರೆದಿಟ್ಟವನು ಮೊದಲನೇ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್. ಹೆರೋದ ಜೆರುಸಲೇಮಿನ ದೇವಾಲಯದ ದೊಡ್ಡ ಬಾಗಿಲ ಮೇಲೆ ಚಿನ್ನದ ಹದ್ದೊಂದನ್ನು ಇಡಿಸಿದ್ದ. ಹಾಗೆ ಮೂರ್ತಿ ಇಡುವುದು ಧರ್ಮಕ್ಕೆ ವಿರುದ್ಧ ಎಂದು ಹಲವರಿಗೆ ಸಿಟ್ಟಿತ್ತು. ರಾಜ ಹಾಸಿಗೆ ಹಿಡಿದಿದ್ದಾನೆ, ಸತ್ತೇ ಹೋದನಂತೆ ಎಂಬ ಸುದ್ದಿ ಹಬ್ಬಿದ್ದೇ ತಡ, ಇಬ್ಬರು ಗುರುಗಳ ಶಿಷ್ಯರು ಹಾಡಹಗಲೇ ಚಾವಣಿಯಿಂದ ದಪ್ಪ ಹಗ್ಗದಲ್ಲಿ ಇಳಿದು ಹದ್ದನ್ನು ಕೊಡಲಿಯಿಂದ ಕಡಿದು ಕೆಡವಿದರು. ರಾಜ ಸತ್ತಿರಲಿಲ್ಲ! ಗುರು ಮತ್ತೀಯನನ್ನೂ ಅವನ ಸಂಗಡಿಗರನ್ನೂ ಜೀವಂತ ಸುಡಿಸಿದ. ಅದೇ ರಾತ್ರಿ ಚಂದ್ರನಿಗೆ ಗ್ರಹಣ ಹಿಡಿಯಿತು ಎಂದು ಜೋಸೆಫಸ್ ಬರೆಯುತ್ತಾನೆ. ಅವನ ಬರಹಗಳಲ್ಲಿ ಬೇರೆಲ್ಲೂ ಚಂದ್ರಗ್ರಹಣದ ಮಾತಿಲ್ಲ. ಯೆಹೂದಿಗಳ ಪಸ್ಕ ಹಬ್ಬಕ್ಕೆ ಮೊದಲೇ ಹೆರೋದ ಯೆರಿಕೋದಲ್ಲಿ ತೀರಿಕೊಂಡ.

ಹಳೆಯ ಗ್ರಹಣಗಳ ದಿನ ಲೆಕ್ಕ ಹಾಕುವುದು ಖಗೋಳದವರಿಗೆ ಕಷ್ಟವಲ್ಲ. ಕ್ರಿ.ಪೂ. 4ರ ಮಾರ್ಚ್ 13ರಂದು ಒಂದು ಗ್ರಹಣ ಸಿಗುತ್ತದೆ. ಪಾರ್ಶ್ವ ಗ್ರಹಣ, ಚಂದ್ರನ ಮೂರನೇ ಒಂದು ಪಾಲಷ್ಟೇ ಮರೆಯಾಗಿತ್ತು. ಅದೂ ಜೆರುಸಲೇಮ್ ನಿದ್ದೆಯಲ್ಲಿದ್ದ ನಡುರಾತ್ರಿ ಕಳೆದ ಮೇಲೆ. ಬಹುಕಾಲದಿಂದ ಹೆಚ್ಚಿನವರು ಒಪ್ಪಿರುವುದು ಇದನ್ನೇ.

ತಕರಾರು ಇರುವುದೂ ಇಲ್ಲೇ. ಪಸ್ಕ ಬರುವುದೂ ಹುಣ್ಣಿಮೆಗೇ, ಹಾಗಾಗಿ ನಡುವೆ ಉಳಿಯುವುದು ಒಂದೇ ತಿಂಗಳು. ಅಷ್ಟರಲ್ಲಿ ರಾಜನ ರೋಗ ಉಲ್ಬಣಿಸಿತು. ಯೊರ್ದನ್ ನದಿಯಾಚೆಯ ಬಿಸಿನೀರಿನ ಬುಗ್ಗೆಗೆ ಹೋಗಿ ಬಂದ. ಮಗ ಅಂತಿಪತ್ರನನ್ನು ಕೊಲ್ಲಿಸಿದ, ಐದು ದಿನ ಬಿಟ್ಟು ತಾನೂ ಸತ್ತ. ಆಮೇಲೆ ಭಾರಿ ಶವಯಾತ್ರೆ, ಏಳು ದಿನದ ಸೂತಕ. ಇಷ್ಟೆಲ್ಲ ಒಂದು ತಿಂಗಳಲ್ಲಿ ಮುಗಿಯುತ್ತದಾ? ಮುಗಿಯುವುದಿಲ್ಲ ಎಂದು 1966ರಲ್ಲಿ ಫಿಲ್ಮರ್ ಎಂಬ ವಿದ್ವಾಂಸ ವಾದಿಸಿದರು. ಕ್ರಿ.ಪೂ. 1ರ ಜನವರಿಯಲ್ಲಿ ಖಗ್ರಾಸ ಗ್ರಹಣವಾಗಿತ್ತು. ಅದಕ್ಕೂ ಪಸ್ಕಕ್ಕೂ ನಡುವೆ ಮೂರು ತಿಂಗಳ ಬಿಡುವಿದೆ. ಇಡೀ ಚಂದ್ರ ಮುಚ್ಚಿಹೋದರೆ ಜನ ನೆನಪಿಟ್ಟುಕೊಳ್ಳುವುದು ಜಾಸ್ತಿ, ಅಲ್ವಾ?

ವಾದವೇನೋ ಆಕರ್ಷಕವೇ. ಆದರೆ ಹೆರೋದ ಸತ್ತ ಮೇಲೆ ರಾಜ್ಯ ಹಂಚಿಕೊಂಡ ಅವನ ಮೂವರು ಮಕ್ಕಳು ಅದಕ್ಕೆ ಅಡ್ಡ ನಿಲ್ಲುತ್ತಾರೆ. ಅವರಲ್ಲೊಬ್ಬನಾದ ಅಂತಿಪನ ನಾಣ್ಯಗಳ ಮೇಲೆ ಆಳ್ವಿಕೆಯ 43ನೇ ವರ್ಷ ಎಂದಿದೆ. ಅವನನ್ನು ರೋಮಿನ ಚಕ್ರವರ್ತಿ ಗಡೀಪಾರು ಮಾಡಿದ್ದು ಕ್ರಿ.ಶ. 39ರಲ್ಲಿ. ಹಿಂದಕ್ಕೆ ಎಣಿಸಿದರೆ ನೇರ ಕ್ರಿ.ಪೂ. 4ಕ್ಕೆ ಬಂದು ನಿಲ್ಲುತ್ತೇವೆ. ಕ್ರಿ.ಪೂ. 1ರಿಂದ ಎಣಿಸಿದರೆ, 43ನೇ ವರ್ಷ ಬರುವ ಹೊತ್ತಿಗೆ ಅವನ ಕೈಲಿ ರಾಜ್ಯವೇ ಇರಲಿಲ್ಲ. ಅರ್ಖೆಲಾಯ, ಫಿಲಿಪ್ಪ ಎಂಬ ಇನ್ನಿಬ್ಬರ ಲೆಕ್ಕವೂ ಕ್ರಿ.ಪೂ. 4ಕ್ಕೇ ಬರುತ್ತದೆ.

ಮಕ್ಕಳು ಅಪ್ಪ ಬದುಕಿದ್ದಾಗಿನ ವರ್ಷಗಳನ್ನೂ ತಮ್ಮ ಲೆಕ್ಕಕ್ಕೇ ಸೇರಿಸಿಕೊಂಡರು ಎಂಬುದು ಎದುರು ವಾದದವರ ಉತ್ತರ. ಒಬ್ಬ ಹಾಗೆ ಮಾಡಿದ ಅಂದರೆ ನಂಬಬಹುದಿತ್ತು. ಮೂವರೂ ಸರಿಯಾಗಿ ಅದೇ ವರ್ಷಕ್ಕೆ ಹಿಂದೆ ಸರಿದರು ಎನ್ನುವುದು ನನಗಂತೂ ಒಪ್ಪಿಗೆಯಾಗುವುದಿಲ್ಲ.